ಹಾಸು ಕೆಚ್ಚುವವಳ ಫೋನು

“ಈಗ ಹಚ್ಚೇನಿ ನೋಡ್ರಿ ಶೇವಂತಕ್ಕ,” ಎಂದು ಪ್ರತಿಮಾ ಹಿತ್ತಿಲ ಗೋಡೆಯ ಆ ಕಡೆಯಿಂದ ಕೂಗಿದಳು.

ಶೇವಂತಿ ಫೋನನ್ನು ಎರಡೂ ಅಂಗೈಯಲ್ಲಿ ಹಿಡಿದು ಅಂಗಳದ ನಡುವೆ ನಿಂತಿದ್ದಳು. ಗುಂಡಿ ಒತ್ತುವ ಹಳೆಯ ಫೋನು ಅದು. ಅಂಕಿಗಳೆಲ್ಲ ಸವೆದು, ಐದು ಯಾವುದು ಎಂಟು ಯಾವುದು ಎಂಬುದು ಅವಳ ಬೆರಳಿಗೆ ಮಾತ್ರ ಗೊತ್ತಿತ್ತು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಫೋನು ನಡುಗಿ, ಕಿರ್ರೆಂದು ಬಡಿದುಕೊಳ್ಳತೊಡಗಿತು.

“ಹೊಡೀತಲ್ರಿ! ಏನೂ ಆಗಿಲ್ಲ ತಗೋರಿ, ಛಲೋ ಐತಿ ಫೋನು,” ಎಂದು ಪ್ರತಿಮಾ ಗೋಡೆಯ ಮೇಲೆ ಮುಖ ತೋರಿಸಿ ನಕ್ಕಳು.

“ಹೂಂನವಾ,” ಎಂದಳು ಶೇವಂತಿ. ಬೇರೆ ಯಾರಾದರೂ ಆಗಿದ್ದರೆ ಖುಷಿಪಡುತ್ತಿದ್ದರು. ಅವಳು ಮಾತ್ರ ಫೋನು ಕೆಟ್ಟಿರಲಿ ದೇವರೇ ಎಂದು ಬೆಳಗಿನಿಂದ ಬೇಡಿಕೊಂಡಿದ್ದಳು. ಫೋನು ನೆಟ್ಟಗಿದೆ ಎಂದರೆ, ಕೆಟ್ಟಿದ್ದು ತನ್ನ ಹೆಸರು.

ಇಪ್ಪತ್ತೆರಡು ದಿನಗಳಿಂದ ಅವಳನ್ನು ಯಾರೂ ಕೆಲಸಕ್ಕೆ ಕರೆದಿರಲಿಲ್ಲ.

ಶೇವಂತಿ ಹಾಸು ಕೆಚ್ಚುವವಳು. ಮಗ್ಗದ ಮೇಲಿನ ಹಾಸು, ಅಂದರೆ ಬಟ್ಟೆಯ ಉದ್ದೆಳೆಗಳು, ನೇಯ್ದು ಮುಗಿಯುತ್ತ ಬಂದಾಗ, ಹಳೆಯ ಹಾಸಿನ ತುದಿಯ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ತಂದು, ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆದು ಸೇರಿಸಬೇಕು. ಮೂರು ಸಾವಿರಕ್ಕೆ ಕಡಿಮೆಯಿಲ್ಲದ ಎಳೆಗಳು. ಒಂದು ಕಡೆ ಸೇರದಿದ್ದರೆ ಬಟ್ಟೆಯಲ್ಲಿ ಕಂಡಿ, ಒಂದು ಅದಲುಬದಲಾದರೆ ಬಟ್ಟೆಯುದ್ದಕ್ಕೂ ಗೀಟು. ಮಾಲೀಕನಿರಲಿ, ನೇಯುವವನಿರಲಿ, ಕೆಚ್ಚುವವಳು ಎದ್ದು ಸೊಂಟ ನೆಟ್ಟಗೆ ಮಾಡುವ ತನಕ ಬಾಯಿ ಮುಚ್ಚಿಕೊಂಡು ಕಾಯಬೇಕು. ಬನಹಟ್ಟಿಯ ಇಪ್ಪತ್ತು ಪವರ್‌ಲೂಮ್ ಶೆಡ್ಡುಗಳಲ್ಲಿ, ಕರೆಂಟಿನ ಬೋರ್ಡಿನ ಪಕ್ಕದ ಗೋಡೆಯ ಮೇಲೆ ಇದ್ದಿಲಿನಿಂದ ಅವಳ ನಂಬರು ಬರೆದಿತ್ತು. ಹಾಸು ಮುಗಿಯುವ ಹಿಂದಿನ ದಿನ ಫೋನು ಹೊಡೆಯುತ್ತಿತ್ತು, ಮರುದಿನ ಬೆಳಿಗ್ಗೆ ಅವಳು ಬೂದಿಯ ಡಬ್ಬಿ ಸೊಂಟಕ್ಕೆ ಸಿಕ್ಕಿಸಿಕೊಂಡು ರಬಕವಿಯಿಂದ ಹೊರಡುತ್ತಿದ್ದಳು. ವಾರಕ್ಕೆ ಮೂರು ಕರೆ ತಪ್ಪಿದ್ದಿಲ್ಲ.

“ನಿನ್ನ ಫೋನು ಮೌನ ಹಿಡದೈತೇನ?” ಎಂದು ಗಂಡ ಗಿರಮಲ್ಲಪ್ಪ ಮೊದಲ ವಾರ ಚೇಷ್ಟೆ ಮಾಡಿದ್ದ. ನಲವತ್ತು ವರ್ಷ ಕೈಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಮೊಣಕಾಲು ಕಳೆದುಕೊಂಡು, ಈಗ ಕಟ್ಟೆಯ ಮೇಲೆ ಕೂತು ಕಂಡಿಕೆಗೆ ನೂಲು ಸುತ್ತುವ ಮನುಷ್ಯ. ಎರಡನೆಯ ವಾರ ಚೇಷ್ಟೆ ಬಿಟ್ಟು, “ನೀನ ಒಂದ್ ಸಲ ಹೋಗಿ ಕೇಳಿ ಬರಬಾರದೇನು?” ಎಂದ.

“ಕೇಳ್ಕೊಂತ ಹೋಗೂ ಕೆಲಸ ಅಲ್ಲ ಇದು. ನಿಮ್ಮವ್ವನ ಹೇಳಿಕೊಟ್ಟಾಳು.”

ಅದು ಖರೆ. ಕೆಚ್ಚುವುದನ್ನು ಕಲಿಸಿದ ಅತ್ತೆ ಮೊದಲ ದಿನವೇ ಹೇಳಿದ್ದಳು, ಸೂಲಗಿತ್ತಿ ಮತ್ತು ಹಾಸು ಕೆಚ್ಚುವವಳು ಕರೆದಲ್ಲಿಗೆ ಹೋಗಬೇಕು, ಕೇಳಿಕೊಂಡು ಹೋಗಬಾರದು ಎಂದು. ಒಬ್ಬರ ಮನೆಯ ಬಾಗಿಲಲ್ಲಿ ನಿಂತು ನಿಮ್ಮ ಹಾಸು ಯಾವಾಗ ಮುಗಿಯುತ್ತದೆ ಎಂದು ಕೇಳುವುದು ಲಕ್ಷಣವಲ್ಲ. ಶೇವಂತಿ ಮೂವತ್ತು ವರ್ಷ ಆ ಮಾತು ಮೀರಿರಲಿಲ್ಲ. ಆದರೆ ಈಗ ಅವಳು ಹೋಗದಿರಲು ಅದೊಂದೇ ಕಾರಣವಲ್ಲ ಎಂಬುದು ಗಂಡನಿಗೆ ಗೊತ್ತಿರಲಿಲ್ಲ.

ಕೊನೆಯ ಸಲ ಕೆಚ್ಚಿದ್ದು ಅಂದಾನೆಪ್ಪನ ಶೆಡ್ಡಿನಲ್ಲಿ. ಕಪ್ಪು ಮೈ, ಕೆಂಪು ದಡಿಯ ಸೀರೆಯ ಹಾಸು. ನೂರೈವತ್ತು ಎಳೆ ಉಳಿದಿದ್ದಾಗ ಕರೆಂಟು ಹೋಯಿತು. ನಾಲ್ಕೂ ಮಗ್ಗ ನಿಂತು ಶೆಡ್ಡು ಗಪ್ಪಾಯಿತು. ಹೊರಗೆ ಮೋಡ, ಒಳಗೆ ಮಬ್ಬು. “ನಾಳೆ ಮಾಡ್ತೀರೇನ್ರಿ?” ಎಂದು ಅಂದಾನೆಪ್ಪ ಕೇಳಿದ. “ಇಷ್ಟ ಉಳದಾವು, ಕಣ್ಣ ಬ್ಯಾಡ್ರಿ ಇದಕ್ಕ, ಕೈಗೆ ಗೊತ್ತೈತಿ,” ಎಂದಳು ಶೇವಂತಿ. ಸೊಕ್ಕಿನ ಮಾತು. ಕೊನೆಯ ಎಳೆಗೆ ಬಂದಾಗ ದಡಿಗೆ ಒಂದು ಕೆಂಪು ಎಳೆ ಕಡಿಮೆ ಬಿತ್ತು, ಒಂದು ಕಪ್ಪು ಎಳೆ ಹೆಚ್ಚಿಗೆ ಉಳಿಯಿತು. ಅಂದರೆ ಆ ಕೆಂಪು ಎಳೆ ಎಲ್ಲೋ ಕಪ್ಪಿನ ನಡುವೆ ಹೋಗಿ ಕೂತಿದೆ.

ಹುಡುಕಿ ಬಿಚ್ಚಬೇಕಿತ್ತು. ಆಗಲೇ ಕರೆಂಟು ಬಂತು, ಅಂದಾನೆಪ್ಪ ಬೋರ್ಡಿನ ಹತ್ತಿರ ನಿಂತು, “ಮುಗೀತ್ರಿ?” ಎಂದ. ಕಣ್ಣು ಬೇಡ ಎಂದ ಬಾಯಿಂದ ತಪ್ಪಾಯಿತು ಎಂದು ಹೇಗೆ ಹೇಳುವುದು? “ಮುಗೀತ್ರಿ ಅಣ್ಣಾರ,” ಎಂದುಬಿಟ್ಟಳು. ಹೆಚ್ಚಿಗೆ ಉಳಿದ ಕಪ್ಪು ಎಳೆಯನ್ನು ತುಂಡು ಮಾಡಿ, ಬೆರಳಿಗೆ ಸುತ್ತಿ, ಬೂದಿಯ ಡಬ್ಬಿಯೊಳಗೆ ತುರುಕಿದಳು.

ಅದರ ಮರುದಿನದಿಂದ ಫೋನು ಹೊಡೆಯುವುದು ನಿಂತಿತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಶೇವಂತಿಯನ್ನು ಯಾರೂ ಏನೂ ಅಂದಿರಲಿಲ್ಲ, ಆದರೂ ಅವಳ ಹೆಗಲು ಭಾರವಾಗಿತ್ತು. ಅಂದಾನೆಪ್ಪ ಗೀಟು ನೋಡಿದ್ದಾನೆ, ನಾಲ್ಕು ಜನಕ್ಕೆ ಹೇಳಿದ್ದಾನೆ, ಶೇವಂತಕ್ಕನ ಕಣ್ಣು ಹೋದವು ಎಂದು ಬನಹಟ್ಟಿಗೆಲ್ಲ ಗೊತ್ತಾಗಿದೆ ಎಂದು ಅವಳೇ ಕಥೆ ಕಟ್ಟಿ, ಅವಳೇ ನಂಬಿ, ರೊಟ್ಟಿ ಬಡಿಯುವಾಗ ಸುಮ್ಮನೆ ಕಣ್ಣೀರು ಹಾಕುತ್ತಿದ್ದಳು. ಸಂತೆಯಲ್ಲಿ ಬನಹಟ್ಟಿಯ ಇನ್ನೊಂದು ಶೆಡ್ಡಿನ ಮಾಲೀಕ ಗುರಪ್ಪ ಎದುರಾದವನು ಮುಖ ತಿರುಗಿಸಿಕೊಂಡು ಹೋದ ಮೇಲಂತೂ ಅನುಮಾನವೇ ಉಳಿಯಲಿಲ್ಲ. ಇಪ್ಪತ್ತು ಗೋಡೆಗಳ ಮೇಲಿನ ನಂಬರನ್ನು ಇಪ್ಪತ್ತು ಕೈಗಳು ಒದ್ದೆ ಅರಿವೆಯಿಂದ ಒರೆಸುವುದು ಅವಳ ಕಣ್ಣಿಗೆ ಕಟ್ಟಿತು. ಉಳಿದಿದ್ದ ಒಂದೇ ಆಸೆ ಫೋನಿನದು. ಅದೂ ಈಗ ಪ್ರತಿಮಾಳ ಒಂದು ಕರೆಗೆ ಬಡಿದುಕೊಂಡು ತೀರಿಹೋಯಿತು.

“ಎಲ್ಲಿಗೆ?” ಎಂದ ಗಿರಮಲ್ಲಪ್ಪ, ಅವಳು ಚಪ್ಪಲಿ ಮೆಟ್ಟುವುದನ್ನು ನೋಡಿ.

“ಬನಹಟ್ಟಿಗೆ ಹೋಗಿ ಬರ್ತೀನಿ.”

“ಕರದಾರೇನು?”

ಅವಳು ಅಷ್ಟರಲ್ಲಿ ಅಂಗಳ ದಾಟಿದ್ದಳು. ಆಟೊದಲ್ಲಿ ಕೂತಾಗ ನೋಡಿದರೆ ಬೂದಿಯ ಡಬ್ಬಿ ಸೊಂಟದಲ್ಲೇ ಇತ್ತು. ರೂಢಿಯ ಕೈ ತಾನಾಗಿಯೇ ಸಿಕ್ಕಿಸಿತ್ತು. ದಾರಿಯುದ್ದಕ್ಕೂ ಮಾತು ಜೋಡಿಸಿದಳು. ತಪ್ಪಾತ್ರಿ ಅಣ್ಣಾರ, ಹೊಟ್ಟ್ಯಾಗ ಹಾಕ್ಕೋರಿ. ಹೀಗೆ ಶುರು ಮಾಡಬೇಕು. ಕಾಲಿಗೆ ಬೀಳುವುದಿಲ್ಲ, ಅಷ್ಟರ ಮಟ್ಟಿಗೆ ಅವಳಿಗಿನ್ನೂ ಬಿಗುಮಾನವಿತ್ತು.

ಅಂದಾನೆಪ್ಪನ ಶೆಡ್ಡಿನ ಬಾಗಿಲಲ್ಲಿ ಕಿವಿಗಡಚಿಕ್ಕುವ ಸದ್ದು. ಒಳಗೆ ಕಾಲಿಟ್ಟವಳು ಮೊದಲು ನೋಡಿದ್ದು ಬೋರ್ಡಿನ ಪಕ್ಕದ ಗೋಡೆಯನ್ನು. ನಂಬರು ಹಾಗೇ ಇತ್ತು. ಅದರ ಆಚೆ ಮೂರು ಮಗ್ಗ ಓಡುತ್ತಿದ್ದವು, ಒಂದು ನಿಂತಿತ್ತು. ನಿಂತ ಮಗ್ಗದ ಹಿಂದೆ ಹಳೆಯ ಹಾಸಿನ ಎಳೆಗಳು ಜೋತುಬಿದ್ದಿದ್ದವು.

“ಯವ್ವಾ ತಾಯೀ!” ಎಂದು ಅಂದಾನೆಪ್ಪ ಮೂಲೆಯಿಂದ ಕೈ ಮುಗಿಯುತ್ತ ಬಂದ. ನಲವತ್ತರ ಆಸುಪಾಸಿನ, ಸದಾ ಅವಸರದಲ್ಲಿರುವ ಮನುಷ್ಯ. “ಅಂತೂ ಬಂದ್ರಿ! ಅದೇನ್ ಸಿಟ್ಟರಿ ನಿಮ್ಮದು? ದಿನಾ ಹಚ್ಚಾಕತ್ತೇನಿ, ಫೋನ್ ಬಂದ್ ಇಟ್ಟಕೊಂಡ ಕುಂತೀರಿ. ಆ ಗುರಪ್ಪಂದೂ ಹಾಸು ಮುಗದು ನಾಕ ದಿನ ಮಗ್ಗ ನಿಂತಿತ್ತು. ಶೇವಂತಕ್ಕಗ ಈಗ ನಾವು ಬ್ಯಾಡಾಗೇವಿ ಅಂತ ಅಂವಾ ಊರ ತುಂಬ ಬೈಕೊಂತ ತಿರಗ್ಯಾನು.”

ಶೇವಂತಿಗೆ ಕಟ್ಟಿಕೊಂಡು ಬಂದ ಮಾತು ಮರೆತೇಹೋಯಿತು. “ಬಂದ್ ಎಲ್ಲಿಟ್ಟೇನ್ರಿ? ಚಾಲೂನ ಐತಿ. ಇವತ್ತ ಮುಂಜಾನೆ ಪ್ರತಿಮಾ ಹಚ್ಚಿದ್ರ ಹೊಡೀತು.”

“ಹೌದೇನು? ತಗೀರಿ ಇತ್ಲಾಗ.”

ಅವಳು ಫೋನು ತೆಗೆದು ಅಂಗೈ ಮೇಲಿಟ್ಟುಕೊಂಡಳು. ಅಂದಾನೆಪ್ಪ ತನ್ನ ದೊಡ್ಡ ಫೋನಿನಿಂದ ಹಚ್ಚಿ, ಸದ್ದಿನಲ್ಲಿ ಕೇಳಲೆಂದು ಅವಳ ಕಿವಿಯ ಹತ್ತಿರ ಹಿಡಿದ. ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಒಬ್ಬ ಹೆಣ್ಣುಮಗಳು ನಯವಾಗಿ ಹೇಳಿದಳು. ಅಂಗೈ ಮೇಲಿನ ಫೋನು ಮಿಸುಕಲಿಲ್ಲ.

“ನೋಡ್ರಿ! ನನ್ನೆದುರಿಗೆ ನಿಂತೀರಿ, ಇಲ್ಲ ಅನ್ನಾಕತ್ತಾಳಿಕಿ!”

ಮಗ್ಗ ನೋಡಿಕೊಳ್ಳುವ ಕಲ್ಮೇಶ ಬಂದು ಇಣುಕಿದ. “ಅದು ಹಿಡಿಯೂದಿಲ್ರಿ ಇನ್ನ. ಈ ಕಂಪನಿಯವ್ರು ಹಳೇ ನೆಟ್‌ವರ್ಕ್ ತಗದುಬಿಟ್ಟಾರು. ನಮ್ಮವ್ವನ ಡಬ್ಬಾ ಫೋನೂ ಹಿಂಗ ಆಗೇತಿ. ಎಲ್ಲೋ ದೂರದ ಟವರ್ ಒಂದೊಂದ್ ಸಲ ಸಿಗತೈತಿ, ಆಗ ಒಂದ್ ಗಳಿಗಿ ಹೊಡೀತೈತಿ, ಮತ್ತ ಇಲ್ಲ. ಮೆಸೇಜ್ ಬಂದಿರಬೇಕಲ್ಲರಿ ನಿಮಗ?”

ಬಂದಿದ್ದವು. ಇಂಗ್ಲಿಷಿನಲ್ಲಿ ನಾಲ್ಕು ಬಂದಿದ್ದವು. ಲಾಟರಿಯವರದೋ ಲೋನಿನವರದೋ ಇರಬೇಕೆಂದು ಶೇವಂತಿ ಅಳಿಸಿದ್ದಳು.

“ಮನೀಗೆ ಬರೂಣಂದ್ರ ನಿಮ್ಮ ಮನಿ ಯಾರಿಗೆ ಗೊತ್ತೈತ್ರಿ?” ಎಂದ ಅಂದಾನೆಪ್ಪ. “ರಬಕವ್ಯಾಗ ಅಂತಷ್ಟ ಗೊತ್ತು. ಇಷ್ಟ ವರ್ಷ ಆತು, ನಂಬರ್ ಬಿಟ್ರ ನಿಮ್ಮದೇನೂ ಗೊತ್ತಿಲ್ಲ ನಮಗ. ಇರಲಿ, ಕುಂದರ್ರಿ ಮದ್ಲ. ಎರಡ ದಿನ ಆತು ಮಗ್ಗ ನಿಂತು.”

ಅವಳ ಮೈಯೆಲ್ಲ ಹಗುರಾಯಿತು. ಯಾರಿಗೂ ಗೊತ್ತಿಲ್ಲ! ಹೆಸರು ಕೆಟ್ಟಿಲ್ಲ, ನಂಬರು ಅಳಿಸಿಲ್ಲ, ಗುರಪ್ಪ ಮುಖ ತಿರುಗಿಸಿದ್ದು ಬೇರೆ ಸಿಟ್ಟಿಗೆ. ಒಂದು ಎಳೆ ತಾನೇ? ಯಾವ ಸೀರೆಯಲ್ಲಿ ಹೋಯಿತೋ, ಯಾವ ಊರಿನ ಯಾವ ಪುಣ್ಯಾತ್ಗಿತ್ತಿ ಉಟ್ಟಳೋ. ಕೇಳದೇ ಹೇಳುವ ಹುಚ್ಚು ಯಾರಿಗೆ ಬೇಕು? ಅವಳು ಮಗ್ಗದ ಹಿಂದಿನ ಹಲಗೆಯ ಮೇಲೆ ಕೂತು, ಸೆರಗು ಬಿಗಿದು, ಡಬ್ಬಿಯ ಮುಚ್ಚಳ ತೆಗೆದಳು. ಬೂದಿಯ ಮೇಲೆ ಆ ಕಪ್ಪು ಎಳೆ ಸುರುಳಿಯಾಗಿ ಕೂತಿತ್ತು.

ಅದನ್ನು ಬದಿಗೆ ಸರಿಸಿ ಬೆರಳಿಗೆ ಬೂದಿ ಮುಟ್ಟಿಸಿಕೊಂಡಳು. ದಡಿಯಿಂದ ಶುರು. ಕೆಂಪಿಗೆ ಕೆಂಪು, ಕೆಂಪಿಗೆ ಕೆಂಪು. ಇಪ್ಪತ್ತೆರಡು ದಿನ ಸುಮ್ಮನಿದ್ದ ಬೆರಳುಗಳು ಹಸಿದವರಂತೆ ಎಳೆಗೆ ಬಿದ್ದವು. ಅರ್ಧ ತಾಸಿನಲ್ಲಿ ದಡಿ ಮುಗಿದು ಕಪ್ಪು ಶುರುವಾಯಿತು. ಅಲ್ಲಿ ಕೈ ನಿಂತಿತು. ಮೊದಲ ಕಪ್ಪು ಎಳೆಯನ್ನು ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು. ಇದು ಕಪ್ಪೇ ಹೌದೋ ಅಲ್ಲವೋ? ಕಣ್ಣಿಗೆ ಕಪ್ಪಾಗಿಯೇ ಕಾಣುತ್ತಿತ್ತು, ತಲೆಯ ಮೇಲೆ ಬಲ್ಬು ಉರಿಯುತ್ತಿತ್ತು, ಆದರೂ ತನ್ನ ಕಣ್ಣನ್ನು ತಾನೇ ನಂಬಲು ಆಗಲಿಲ್ಲ. ಹೀಗಾದರೆ ಮೂರು ಸಾವಿರ ಎಳೆ ಮುಗಿಯುವುದು ಯಾವಾಗ?

“ಅಣ್ಣಾರ,” ಎಂದಳು.

ಮೂರು ಮಗ್ಗಗಳ ಸದ್ದಿನಲ್ಲಿ ಅದು ಅವಳಿಗೇ ಕೇಳಿಸಲಿಲ್ಲ.

“ಅಣ್ಣಾರ! ಹೋದ ಸಲ ಒಂದ ಎಳಿ ತಪ್ಪಿಸೇನ್ರಿ!”

“ಏನ್ರೀ? ಕೇಳವಲ್ದು!” ಎಂದು ಅಂದಾನೆಪ್ಪ ಕಿವಿಗೆ ಕೈ ಹಚ್ಚಿ, ಕಲ್ಮೇಶನಿಗೆ ಬಂದ್ ಮಾಡೆಂದು ಸನ್ನೆ ಮಾಡಿದ.

“ಕಪ್ಪಿನಾಗ ಕೆಂಪ ಎಳಿ ಕೆಚ್ಚಿ, ಗೊತ್ತಾದ್ರೂ ಸುಮ್ಮನ ಹೋಗೇನ್ರೀ!” ಎಂದು ಅವಳು ಗಂಟಲು ಹರಿಯುವಂತೆ ಕೂಗುವುದಕ್ಕೂ, ಕಲ್ಮೇಶ ಬೋರ್ಡಿನ ಗುಂಡಿ ಇಳಿಸುವುದಕ್ಕೂ ಸರಿಹೋಯಿತು. ಕೂಗು ಸದ್ದಡಗಿದ ಶೆಡ್ಡಿನ ತಗಡಿಗೆ ಬಡಿದು ವಾಪಸು ಬಂತು. ಬಹುಶಃ ಓಣಿಯವರೆಗೂ ಕೇಳಿಸಿರಬೇಕು.

ಶೇವಂತಿ ತಲೆ ತಗ್ಗಿಸಿ, ಡಬ್ಬಿಯಿಂದ ಕಪ್ಪು ಎಳೆ ತೆಗೆದು ಅಂಗೈಯಲ್ಲಿ ಹಿಡಿದಳು. “ಇದು ಹೆಚ್ಚಿಗಿ ಉಳದಿದ್ದು. ಕಣ್ಣ ಬ್ಯಾಡ ಅಂದಿದ್ದೆ ನೋಡ್ರಿ, ಅದಕ್ಕ ಬಾಯಿ ಬರಲಿಲ್ಲ. ನನ್ನ ಕಣ್ಣರ ಹೋಗ್ಯಾವೋ, ಕತ್ತಲಿತ್ತೋ, ಗೊತ್ತಿಲ್ಲ. ಬ್ಯಾರೇದವರನ್ನ ಕರಸ್ತೀರಂದ್ರ ಕರಸ್ರಿ. ನನಗ ಸಿಟ್ಟಿಲ್ಲ.”

ಅಂದಾನೆಪ್ಪ ಆ ಎಳೆಯನ್ನು ನೋಡಿದ, ಮುಟ್ಟಲಿಲ್ಲ.

“ತಪ್ಪ ಆಗಿದ್ದು ನನಗ ಗೊತ್ತಿತ್ರಿ ಶೇವಂತಕ್ಕ,” ಎಂದ. “ಅದು ನಿಮಗ ಗೊತ್ತಿತ್ತೋ ಇಲ್ಲೋ ಅನ್ನೂದ ಗೊತ್ತಿದ್ದಿಲ್ಲ.”

ಅವಳು ತಲೆ ಎತ್ತಿದಳು.

“ಎರಡನೇ ಸೀರಿ ಇಳಿಸೂವಾಗ ಕಲ್ಮೇಶ ಹಿಡದ. ಎಳಿ ಬದಲ ಮಾಡಿದ್ವಿ, ಮುಂದ ಸರಿ ಆತು. ಆವತ್ತ ಹೇಳಿದ್ರ ಎರಡ ಸೀರಿ ಉಳೀತಿದ್ವಲ್ರಿ?” ದನಿಯಲ್ಲಿ ಸಿಟ್ಟಿತ್ತು. ಇರಬೇಕಾದದ್ದೇ. ಆದರೆ ಗೊತ್ತಿದ್ದೂ ದಿನಾ ಫೋನು ಹಚ್ಚಿದ್ದನಲ್ಲ ಎಂಬುದು ಶೇವಂತಿಗೆ ಆಗ ಹೊಳೆಯಿತು.

ಮಗ್ಗ ನಿಂತದ್ದು ಯಾಕೆಂದು ನೋಡಲು ಒಳಮನೆಯಿಂದ ಅಂದಾನೆಪ್ಪನ ಹೆಂಡತಿ ಮಂಗಲಾ ಬಂದಳು. ಕೈಯಲ್ಲಿ ಚಹಾದ ತಟ್ಟೆ. ಮೈಮೇಲೆ ಕಪ್ಪು ಸೀರೆ, ಕೆಂಪು ದಡಿ. ದಡಿಯಿಂದ ಒಂದು ಬೆರಳು ಒಳಗೆ, ಕಪ್ಪಿನ ನಡುವೆ, ಒಂದೇ ಒಂದು ಕೆಂಪು ಎಳೆ. ಶೇವಂತಿಯ ಕಣ್ಣಿಗೆ ಅದು ಹತ್ತು ಮಾರು ದೂರದಿಂದ ಕಂಡಿತು. ಕಣ್ಣು ಹೋಗಿರಲಿಲ್ಲ ಹಾಗಾದರೆ.

ಮಂಗಲಾ ಅವಳ ನೋಟ ಎಲ್ಲಿ ನಿಂತಿದೆ ಎಂದು ನೋಡಿ ನಕ್ಕಳು. “ಹೂಂ, ನಿಮ್ಮದರೀ ಇದು. ಮನ್ಯಾಗ ನಾಕ ಮಗ್ಗ ಅದಾವು, ನನಗೊಂದ ಹೊಸಾ ಸೀರಿ ಸಿಗಬೇಕಂದ್ರ ಯಾರರ ತಪ್ಪ ಮಾಡಬೇಕು ನೋಡ್ರಿ. ವ್ಯಾಪಾರಿ ತಗೊಳ್ಳೂದಿಲ್ಲ ಅಂದ ಮ್ಯಾಲ ಸಾವಕಾರ್ರಿಗೆ ಹೆಂಡತಿ ನೆಪ್ಪಾದ್ಲು.” ತಟ್ಟೆ ಕೆಳಗಿಟ್ಟು ಒಳಗೆ ಹೋಗಿ, ಮಡಿಕೆ ಮುರಿಯದ ಅಂಥದೇ ಇನ್ನೊಂದು ಸೀರೆಯನ್ನು ತಂದು ಶೇವಂತಿಯ ಪಕ್ಕದ ಹಲಗೆಯ ಮೇಲಿಟ್ಟಳು. “ಇದನ್ನ ನಿಮಗಂತ ತಗದಿಟ್ಟಿದ್ದೆ. ಫೋನ್ ಹತ್ತಿದ್ರ ಆಗ ಹೇಳ್ತಿದ್ದೆ.”

ಶೇವಂತಿಗೆ ಅಳು ಬಂತು. ಬೂದಿಗೈಯಲ್ಲೇ ಕಣ್ಣೊರೆಸಿಕೊಳ್ಳಲು ಹೋಗಿ ಮುಖವೆಲ್ಲ ವಿಭೂತಿ ಬಳಿದಂತಾಯಿತು. ಕಲ್ಮೇಶ ಆ ಕಡೆ ಮುಖ ಮಾಡಿ ನಕ್ಕ. ಅಂದಾನೆಪ್ಪ ಗೊಣಗುತ್ತ ಇದ್ದಿಲು ಹುಡುಕಿ, ಗೋಡೆಯ ನಂಬರಿನ ಕೆಳಗೆ, “ಮನಿ ಎಲ್ಲಿ ಹೇಳ್ರಿ,” ಎಂದು ಕೇಳಿ ಕೇಳಿ ಬರೆದುಕೊಂಡ. ಹಣಮಂತ ದೇವರ ಗುಡಿಯ ಹಿಂದೆ, ಬೇವಿನ ಗಿಡದ ಎದುರು, ಪ್ರತಿಮಾಳ ಮನೆಯ ಬಾಜೂ. ಬರೆದು, “ಕಣ್ಣ ಮಾತ್ರ ಒಂದ್ ಸಲ ತೋರಿಸ್ಕೊಂಡ ಬಿಡ್ರಿ,” ಎಂದ. ಆಮೇಲೆ ಮಗ್ಗಗಳು ಮತ್ತೆ ಓಡಿದವು. ಶೇವಂತಿ ಕೊನೆಯ ಎಳೆ ಹೊಸೆದಾಗ ಹೊತ್ತು ಇಳಿದಿತ್ತು. ಕೆಂಪಿಗೆ ಕೆಂಪು ಸೇರಿತ್ತು, ಒಂದೂ ಉಳಿದಿರಲಿಲ್ಲ.

ಮನೆಗೆ ಬಂದಾಗ ಗಿರಮಲ್ಲಪ್ಪ ಕಟ್ಟೆಯ ಮೇಲೆ ಕಾಯುತ್ತಿದ್ದ. ಅವಳ ಬಗಲಲ್ಲಿದ್ದ ಸೀರೆಯನ್ನು ಇಸಿದುಕೊಂಡು ತೊಡೆಯ ಮೇಲೆ ಬಿಚ್ಚಿದ. ಬಟ್ಟೆ ಎಂದರೆ ಅವನಿಗೆ ಕಣ್ಣಿಗಿಂತ ಮೊದಲು ಅಂಗೈ. ದನದ ಬೆನ್ನು ಸವರುವಂತೆ ಸವರುತ್ತ ಹೋಗಿ ದಡಿಯ ಹತ್ತಿರ ನಿಂತ. ಬಗ್ಗಿ ನೋಡಿದ.

“ಇದ್ಯಾವ ಕುಡ್ಡ ಕೆಚ್ಚಿದ್ದು?”

“ನಾನ,” ಎಂದಳು ಶೇವಂತಿ.

ಗಿರಮಲ್ಲಪ್ಪ ಅವಳ ಮುಖ ನೋಡಿದ. ಕೆನ್ನೆಯ ಮೇಲೆ ಬೂದಿ ಇನ್ನೂ ಇತ್ತು. ಇಪ್ಪತ್ತೆರಡು ದಿನಗಳ ಲೆಕ್ಕ ಅವನಿಗೆ ಅಲ್ಲಿಯೇ ಸಿಕ್ಕಿರಬೇಕು. ಸೀರೆಯನ್ನು ಮೊದಲಿದ್ದ ಮಡಿಕೆಗೇ ಮಡಿಚಿ ಅವಳ ಕೈಗೆ ಕೊಟ್ಟು, ಮೊಣಕಾಲಿಗೆ ಕೈ ಊರಿ ಎದ್ದ. “ಚಾ ಇಡ್ತೀನಿ, ಕುಂದರು,” ಎಂದು ಒಳಗೆ ಹೋದ. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಎರಡು ಸಲ ಕೇಳಿದ.

ಮರುದಿನ ಬೆಳಿಗ್ಗೆ ಶೇವಂತಿ ಆ ಸೀರೆ ಉಟ್ಟಳು. ಫೋನನ್ನು ಗೋಡೆಯ ಮಾಡದಲ್ಲಿ ಇಟ್ಟಳು, ಬೂದಿಯ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿದಳು. “ಹೊಸಾ ಸೀರೀರೇ!” ಎಂದು ಪ್ರತಿಮಾ ಗೋಡೆಯ ಮೇಲಿಂದ ಕೂಗಿದ್ದಕ್ಕೆ, “ಹೂಂನವಾ, ನನ್ನದ,” ಎಂದಷ್ಟೇ ಹೇಳಿ ಹೊರಟಳು.

ಬನಹಟ್ಟಿಯ ಓಣಿಯಲ್ಲಿ ಎಳೆಬಿಸಿಲು ಬಿದ್ದಿತ್ತು. ಎರಡೂ ಕಡೆಯ ಶೆಡ್ಡುಗಳಲ್ಲಿ ಮಗ್ಗ ಶುರುವಾಗಿದ್ದವು. ಶೇವಂತಿ ಗುರಪ್ಪನ ಬಾಗಿಲ ಮುಂದೆ ನಿಂತಳು. ಕೆಂಪು ಎಳೆ ಅವಳ ಕಾಲ ಸುತ್ತ ಬಳಸಿ, ಓರೆಯಾಗಿ ಮೇಲೇರಿ, ಹೆಗಲ ಮೇಲಿಂದ ಬೆನ್ನಿಗೆ ಇಳಿದಿತ್ತು. ಹಾಯ್ದುಹೋಗುವ ನೇಕಾರರಲ್ಲಿ ಅದು ಕಾಣದವರು ಯಾರಿದ್ದರು?

“ಹಾಸು ಮುಗದಾವೇನ್ರೀ?” ಎಂದು ಕೇಳಿದಳು. ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಹೊಸ್ತಿಲು ದಾಟಿ ಒಳಗೆ ಹೋಗಿ, ಬೆಳಕಿಗೆ ಬಂದು ನಿಂತು, ಇನ್ನೊಮ್ಮೆ ಕೂಗಿದಳು.